ಪರದೆ ಹೇಳುವುದೊಂದು, ಕಟ್ಟಡ ಮಾಡುವುದೊಂದು: ಕಚೇರಿ ಕಟ್ಟಡದ ಬಿಎಂಎಸ್ ದೋಷ ನಿವಾರಣೆ ಕೈಪಿಡಿ

ಬೆಂಗಳೂರಿನ ಒಂದು ಕಚೇರಿ ಕಟ್ಟಡದ ನಿರ್ವಹಣೆ ನನ್ನ ಪಾಲಿಗೆ ಬಂದಾಗ ಅಲ್ಲಿ ಬಿಎಂಎಸ್, ಅಂದರೆ ಇಡೀ ಕಟ್ಟಡದ ಎಸಿ, ದೀಪ, ಪಂಪು, ಮೀಟರುಗಳನ್ನು ಒಂದೇ ಕಡೆಯಿಂದ ನಡೆಸುವ ವ್ಯವಸ್ಥೆ, ಆಗಲೇ ಬಂದು ಕೂತಿತ್ತು. ದೊಡ್ಡ ಪರದೆ, ಬಣ್ಣಬಣ್ಣದ ಚಿತ್ರಗಳು. ವಿದ್ಯುತ್ ಬಿಲ್ ಮಾತ್ರ ಇಳಿದಿರಲಿಲ್ಲ. ಎರಡು ತಿಂಗಳು ನಾನು ಪರದೆಯ ಮುಂದೆಯೇ ಕುಳಿತು ಕಾರಣ ಹುಡುಕಿದೆ. ಕೊನೆಗೆ ಕಾರಣ ಹೇಳಿದವರು ರಾತ್ರಿ ಪಾಳಿಯ ಎಲೆಕ್ಟ್ರಿಷಿಯನ್: "ಸರ್, ಮೂರನೇ ಮಹಡಿಯ ಎಸಿ ಫ್ಯಾನ್ ರಾತ್ರಿಯಿಡೀ ಓಡುತ್ತಲೇ ಇರುತ್ತದೆ. ಪರದೆಯಲ್ಲಿ ಆಫ್ ಎಂದು ತೋರಿಸುತ್ತಿತ್ತಲ್ಲ, ಅದಕ್ಕೆ ನಾನು ಹೇಳಲಿಲ್ಲ."

ಅವರೊಂದಿಗೆ ಮೇಲೆ ಹೋಗಿ ನೋಡಿದೆ. ಎಂದೋ ಒಂದು ರಾತ್ರಿಯ ಸಭೆಗಾಗಿ ಪ್ಯಾನೆಲ್ ಮೇಲಿನ ಸ್ವಿಚ್ಚನ್ನು 'ಆಟೋ'ದಿಂದ 'ಹ್ಯಾಂಡ್'ಗೆ, ಅಂದರೆ ಬಿಎಂಎಸ್ ಆಜ್ಞೆಗೆ ಕಾಯದೆ ಓಡುವ ಸ್ಥಿತಿಗೆ, ತಿರುಗಿಸಿದ್ದರು. ಮರಳಿ ತಿರುಗಿಸಿದವರಿಲ್ಲ. ಬಿಎಂಎಸ್ 'ನಿಲ್ಲು' ಎಂದು ಆಜ್ಞೆ ಕೊಡುತ್ತಿತ್ತು, ಕೊಟ್ಟ ಆಜ್ಞೆಯನ್ನೇ ಪರದೆಯ ಮೇಲೆ ಬರೆಯುತ್ತಿತ್ತು. ಫ್ಯಾನ್ ನಿಜಕ್ಕೂ ನಿಂತಿದೆಯೇ ಎಂದು ತಿಳಿಸುವ ತಂತಿಯನ್ನು ಯಾರೂ ಎಳೆದಿರಲೇ ಇಲ್ಲ.

ಅಂದಿನಿಂದ ಯಾವ ದೂರು ಬಂದರೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಪರದೆಯ ಮೇಲಿನ ಈ ಅಂಕಿ ಅಳತೆಯೋ, ಬರಿಯ ಆಜ್ಞೆಯೋ? ಕೆಳಗಿನ ಪ್ರತಿಯೊಂದು ಲಕ್ಷಣದಲ್ಲೂ ಈ ಪ್ರಶ್ನೆ ಮತ್ತೆ ಬರುತ್ತದೆ. ಮೊದಲು ಖರ್ಚಿಲ್ಲದ ತಪಾಸಣೆಗಳು, ಆಮೇಲೆ ಮಲ್ಟಿಮೀಟರ್ ಬೇಕಾಗುವವು, ಕೊನೆಗೆ ಪರಿಣತರನ್ನು ಕರೆಯಬೇಕಾದವು ಎಂಬ ಕ್ರಮದಲ್ಲಿ ಬರೆದಿದ್ದೇನೆ.

ಕೈ ಹಾಕುವ ಮುನ್ನ

ಪ್ಯಾನೆಲ್ ಬಾಗಿಲು ತೆರೆಯುವ ಕೆಲಸ ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರದು, ಅದೂ ವಿದ್ಯುತ್ ಕಡಿದು, ಬೀಗ ಹಾಕಿ, 'ಕೆಲಸ ನಡೆದಿದೆ' ಎಂಬ ಚೀಟಿ ತೂಗಿಸಿದ ಮೇಲೆ. ಬೀಗದ ಕೀಲಿ ಕೆಲಸ ಮಾಡುವವರ ಜೇಬಿನಲ್ಲೇ ಇರಬೇಕು. ದೂರದಿಂದ ಚಾಲೂ ಆಗುವ ಯಂತ್ರಗಳಲ್ಲಿ ಇದು ಇನ್ನೂ ಮುಖ್ಯ: ನಿಂತಿರುವ ಬ್ಲೋವರ್ ವೇಳಾಪಟ್ಟಿಯ ಪ್ರಕಾರ ಯಾವ ಕ್ಷಣದಲ್ಲಾದರೂ ತಿರುಗಬಹುದು, ಬೆಲ್ಟಿನ ನಡುವೆ ಕೈ ಇದೆಯೆಂಬುದು ಸಾಫ್ಟ್‌ವೇರಿಗೆ ತಿಳಿಯುವುದಿಲ್ಲ.

ಮೋಟಾರಿನ ವೇಗ ಬದಲಿಸುವ ವಿಎಫ್‌ಡಿ ಪೆಟ್ಟಿಗೆಯೊಳಗಿನ ಕೆಪಾಸಿಟರುಗಳು ವಿದ್ಯುತ್ ಕಡಿದ ಮೇಲೂ ಕೆಲವು ನಿಮಿಷ ಮಾರಕ ವೋಲ್ಟೇಜ್ ಹಿಡಿದಿಟ್ಟುಕೊಂಡಿರುತ್ತವೆ. ಎಷ್ಟು ಹೊತ್ತು ಕಾಯಬೇಕೆಂದು ಮುಚ್ಚಳದ ಮೇಲೆಯೇ ಬರೆದಿರುತ್ತದೆ. ಅಷ್ಟು ಹೊತ್ತು ಕಾದು, ಮೀಟರಿನಲ್ಲಿ ಅಳೆದು ನೋಡಿದ ಮೇಲೆಯೇ ಮುಟ್ಟಬೇಕು.

ಲಕ್ಷಣ: ವ್ಯವಸ್ಥೆ ಬಂದು ವರ್ಷವಾದರೂ ಬಿಲ್ ಇಳಿದಿಲ್ಲ

ಈ ದೂರಿಗೆ ಉತ್ತರ ಹಗಲಿನಲ್ಲಿ ಸಿಗುವುದಿಲ್ಲ. ಭಾನುವಾರ ಬೆಳಗಿನ ಜಾವ 3 ಗಂಟೆಗೆ ಮುಖ್ಯ ಮೀಟರಿನ ಮುಂದೆ ನಿಂತು ಕಿಲೋವ್ಯಾಟ್ ಓದಿಕೊಳ್ಳಿ. ಅದನ್ನು ವಾರದ ದಿನದ ಮಧ್ಯಾಹ್ನದ ಅಂಕಿಯ ಪಕ್ಕ ಬರೆಯಿರಿ. ಕಚೇರಿ ಖಾಲಿಯಿರುವಾಗ ಉರಿಯಬೇಕಾದದ್ದು ಸರ್ವರ್ ಕೋಣೆ, ಭದ್ರತಾ ಕ್ಯಾಮೆರಾಗಳು, ತುರ್ತು ದೀಪಗಳು, ಒಂದೆರಡು ಫ್ರಿಜ್ ಮಾತ್ರ. ಇವುಗಳನ್ನು ಕೂಡಿಸಿದರೆ ಬರುವ ಲೆಕ್ಕಕ್ಕಿಂತ ಮೀಟರ್ ಬಹಳ ಹೆಚ್ಚು ತೋರಿಸುತ್ತಿದ್ದರೆ ಯಾವುದೋ ಯಂತ್ರ ಯಾರಿಗೂ ಬೇಡದೆ ಓಡುತ್ತಿದೆ. 15 ಕಿಲೋವ್ಯಾಟಿನ ಒಂದು ಫ್ಯಾನ್ ರಾತ್ರಿ 10 ಗಂಟೆ ಕಾಲ ವ್ಯರ್ಥವಾಗಿ ಓಡಿದರೆ 150 ಯೂನಿಟ್, ತಿಂಗಳಿಗೆ 4,500 ಯೂನಿಟ್.

ಹುಡುಕುವ ಬಗೆ ಹೀಗೆ. ಮೊದಲು ಟಾರ್ಚು ಹಿಡಿದು ಪ್ರತಿ ಮಹಡಿಯ ಪ್ಯಾನೆಲ್ ಮುಂದೆ ನಡೆದು ಹೋಗಿ. 'ಹ್ಯಾಂಡ್'ನಲ್ಲಿರುವ ಪ್ರತಿಯೊಂದು ಸ್ವಿಚ್ಚನ್ನೂ ಬರೆದುಕೊಳ್ಳಿ, ತಕ್ಷಣ ತಿರುಗಿಸಬೇಡಿ. ಯಾಕೆ ಹ್ಯಾಂಡ್‌ಗೆ ಹಾಕಿದರು ಎಂದು ಪಾಳಿಯವರನ್ನು ಕೇಳಿ. ಕೆಲವೊಮ್ಮೆ ಆಟೋದಲ್ಲಿ ಯಂತ್ರ ಸರಿಯಾಗಿ ಓಡದ್ದರಿಂದಲೇ ಅವರು ಹಾಗೆ ಮಾಡಿರುತ್ತಾರೆ. ಆಗ ಹುಡುಕಬೇಕಾದ ದೋಷ ಬೇರೆಯೇ.

ಎರಡನೆಯದು ಗಡಿಯಾರ. ನಿಯಂತ್ರಕದ (ಯಂತ್ರಗಳಿಗೆ ಆಜ್ಞೆ ಕಳುಹಿಸುವ ಪುಟ್ಟ ಕಂಪ್ಯೂಟರ್) ಒಳಗಿನ ನಾಣ್ಯದಾಕಾರದ ಬ್ಯಾಟರಿ ಸತ್ತಿದ್ದರೆ ಕರೆಂಟು ಹೋಗಿ ಬಂದಾಗಲೆಲ್ಲ ಅದರ ದಿನಾಂಕ ಹಿಂದಕ್ಕೆ ಓಡುತ್ತದೆ. ಇನ್ನೊಂದು ತಪ್ಪೂ ಉಂಟು: ಸರ್ವರನ್ನು ಅಂತರರಾಷ್ಟ್ರೀಯ ಸಮಯಕ್ಕೇ ಬಿಟ್ಟಿರುತ್ತಾರೆ. ಬೆಳಿಗ್ಗೆ 8ಕ್ಕೆ ಶುರುವಾಗಬೇಕಾದ ಎಸಿ ಮಧ್ಯಾಹ್ನ 1:30ಕ್ಕೆ ಶುರುವಾಗಿ, ಸಂಜೆ 7ಕ್ಕೆ ನಿಲ್ಲಬೇಕಾದದ್ದು ನಡುರಾತ್ರಿ ದಾಟಿ 12:30ಕ್ಕೆ ನಿಲ್ಲುತ್ತದೆ. ಐದೂವರೆ ಗಂಟೆಯ ವ್ಯತ್ಯಾಸ ಎಲ್ಲಿ ಕಂಡರೂ ಕಾರಣ ಇದೇ.

ಮೂರನೆಯದು ರಜೆಯ ಪಟ್ಟಿ. ನವೆಂಬರ್ 1ರ ರಾಜ್ಯೋತ್ಸವವನ್ನು ಒಮ್ಮೆ ಹಾಕಿದರೆ ಪ್ರತಿ ವರ್ಷ ನಿಲ್ಲುತ್ತದೆ. ಯುಗಾದಿ, ಗಣೇಶ ಚತುರ್ಥಿ, ದೀಪಾವಳಿಗಳ ದಿನಾಂಕ ವರ್ಷವರ್ಷವೂ ಬದಲಾಗುತ್ತದೆ, ಹೊಸದಾಗಿ ಹಾಕದಿದ್ದರೆ ಖಾಲಿ ಮಹಡಿಗಳು ಹಬ್ಬದ ದಿನ ಪೂರ್ತಿ ತಂಪಾಗುತ್ತವೆ. ಪ್ರತಿ ಡಿಸೆಂಬರಿನಲ್ಲಿ ಪಂಚಾಂಗ ಪಕ್ಕದಲ್ಲಿಟ್ಟುಕೊಂಡು ಇದನ್ನು ತುಂಬುವ ಅರ್ಧ ಗಂಟೆಯ ಕೆಲಸ ಯಾವ ಹೊಸ ಸಾಫ್ಟ್‌ವೇರಿಗಿಂತಲೂ ಬೇಗ ಫಲ ಕೊಡುತ್ತದೆ.

ಇಷ್ಟಾದ ಮೇಲೆ ವಿಎಫ್‌ಡಿಗಳನ್ನು ನೋಡಿ. ಫ್ಯಾನ್ ಅಥವಾ ಪಂಪಿನ ವೇಗ ಇಳಿದಂತೆ ಅದು ಎಳೆಯುವ ವಿದ್ಯುತ್ತು ವೇಗದ ಘನಕ್ಕೆ ತಕ್ಕಂತೆ ಇಳಿಯುತ್ತದೆ: ವೇಗ 80 ಪ್ರತಿಶತಕ್ಕೆ ಬಂದರೆ ವಿದ್ಯುತ್ತು ಹೆಚ್ಚುಕಡಿಮೆ ಅರ್ಧ. ಉಳಿತಾಯದ ದೊಡ್ಡ ಪಾಲು ಬರುವುದು ಇಲ್ಲಿಂದಲೇ. ಹಗಲೂ ರಾತ್ರಿ 50 ಹರ್ಟ್ಸ್‌ನಲ್ಲೇ, ಅಂದರೆ ಪೂರ್ತಿ ವೇಗದಲ್ಲೇ ಇರುವ ವಿಎಫ್‌ಡಿ ಕಂಡರೆ ಅದಕ್ಕೆ ಕೊಟ್ಟ ಹಣ ಗೋಡೆಗೆ ತೂಗುಹಾಕಿದ ಹಾಗೆ. ಒತ್ತಡದ ಸೆನ್ಸರಿನ ಸಣ್ಣ ಕೊಳವೆ ಕಳಚಿಬಿದ್ದಿರಬಹುದು (ಒತ್ತಡವೇ ಇಲ್ಲವೆಂದು ತಿಳಿದು ಅದು ಪೂರ್ತಿ ವೇಗದಲ್ಲಿ ಓಡುತ್ತದೆ), ವಿಎಫ್‌ಡಿಯನ್ನು ದಾಟಿ ಮೋಟಾರಿಗೆ ನೇರ ವಿದ್ಯುತ್ ಕೊಡುವ ಬೈಪಾಸ್‌ಗೆ ಹಾಕಿರಬಹುದು, ಇಲ್ಲವೇ ಗುರಿಯ ಒತ್ತಡವನ್ನೇ ಎಟುಕದಷ್ಟು ಎತ್ತರಕ್ಕೆ ಇಟ್ಟಿರಬಹುದು.

ಯೂನಿಟ್ಟುಗಳು ಇಳಿದೂ ಬಿಲ್ ಇಳಿಯದಿದ್ದರೆ ಗರಿಷ್ಠ ಬೇಡಿಕೆಯ ಸಾಲನ್ನು ಓದಿ. ಹೈಟೆನ್ಷನ್, ಅಂದರೆ ಹೆಚ್ಚಿನ ವೋಲ್ಟೇಜಿನಲ್ಲಿ ವಿದ್ಯುತ್ ಪಡೆಯುವ ದೊಡ್ಡ ಗ್ರಾಹಕರಿಗೆ ತಿಂಗಳಲ್ಲಿ ಒಮ್ಮೆ ಏರಿದ ಶಿಖರಕ್ಕೂ ಶುಲ್ಕವಿದೆ. ಕರೆಂಟು ಹೋಗಿ ಬಂದ ಕೂಡಲೇ ಎಲ್ಲ ಚಿಲ್ಲರುಗಳೂ (ಎಸಿಗಾಗಿ ನೀರು ತಣ್ಣಗಾಗಿಸುವ ಯಂತ್ರಗಳು) ಪಂಪುಗಳೂ ಒಟ್ಟಿಗೆ ಎದ್ದು ಪೂರ್ತಿ ಬಲದಲ್ಲಿ ಓಡಿದರೆ ಆ ಶಿಖರ ಅಲ್ಲೇ ದಾಖಲಾಗುತ್ತದೆ. ಒಂದರ ಹಿಂದೆ ಒಂದು, ನಡುವೆ ಬಿಡುವು ಕೊಟ್ಟು ಏಳುವಂತೆ ಹೊಂದಿಸುವುದು ನಿಮ್ಮ ಆಪರೇಟರರೇ ಮಾಡಬಲ್ಲ ಕೆಲಸ.

ಬಿಎಂಎಸ್ ತೋರಿಸುವ ಯೂನಿಟ್ಟುಗಳೂ ವಿದ್ಯುತ್ ಕಂಪನಿಯ ಬಿಲ್ಲೂ ತಾಳೆಯಾಗದಿದ್ದರೆ ಸಿಟಿಗಳ ಮೇಲೆ, ಅಂದರೆ ಕೇಬಲ್ ಸುತ್ತ ಕೂರಿಸುವ ಕರೆಂಟ್ ಟ್ರಾನ್ಸ್‌ಫಾರ್ಮರುಗಳ ಮೇಲೆ ಅನುಮಾನ ಪಡಿ. ಮೂರು ಫೇಸಿನ ಸಮತೋಲಿತ ಲೋಡಿನಲ್ಲಿ ಒಂದು ಸಿಟಿ ಹಿಂದುಮುಂದಾಗಿದ್ದರೆ ಮೀಟರ್ ನಿಜದ ಮೂರನೇ ಒಂದು ಪಾಲನ್ನಷ್ಟೇ ತೋರಿಸುತ್ತದೆ. ಅನುಪಾತವನ್ನು 400/5ರ ಬದಲು 200/5 ಎಂದು ತುಂಬಿದ್ದರೆ ಸರಿಯಾಗಿ ಅರ್ಧ. ಅಂಕಿ ಅರ್ಧ, ಮೂರನೇ ಒಂದು, ದುಪ್ಪಟ್ಟು ಹೀಗೆ ಅಚ್ಚುಕಟ್ಟಾದ ಅನುಪಾತದಲ್ಲಿ ತಪ್ಪಿದ್ದರೆ ಕಾರಣ ವೈರಿಂಗ್ ಅಥವಾ ಸೆಟ್ಟಿಂಗ್. ಇಲ್ಲಿ ನಿಲ್ಲಿ: ಲೋಡ್ ಓಡುತ್ತಿರುವಾಗ ಸಿಟಿಯ ತಂತಿಯನ್ನು ಕಳಚಿದರೆ ಅದರ ತುದಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟಬಹುದು. ಮುಂದಿನ ಕೆಲಸ ಮೀಟರಿಂಗ್ ಬಲ್ಲವರಿಗೆ ಬಿಡಿ.

ಲಕ್ಷಣ: ಕಿಟಕಿಯ ಬಳಿ ಬೆವರು, ಮೂಲೆಯಲ್ಲಿ ಸ್ವೆಟರ್

ದೂರು ಬಂದ ಕೂಡಲೇ ಸೆಟ್‌ಪಾಯಿಂಟನ್ನು (ಎಸಿಗೆ ಕೊಟ್ಟ ಗುರಿಯ ಉಷ್ಣತೆಯನ್ನು) ಇಳಿಸುವುದು ಎಲ್ಲರೂ ಮಾಡುವ ತಪ್ಪು. ರಾಷ್ಟ್ರೀಯ ಇಂಧನ ದಕ್ಷತಾ ಸಂಸ್ಥೆಯಾದ ಬಿಇಇ ಸೂಚಿಸುವುದು 24 ಡಿಗ್ರಿ. ಒಂದೊಂದು ಡಿಗ್ರಿ ಏರಿಸಿದರೂ ಸುಮಾರು 6 ಪ್ರತಿಶತ ವಿದ್ಯುತ್ ಉಳಿಯುತ್ತದೆ ಎಂಬುದು ಅದರ ಲೆಕ್ಕ. 2020ರ ಜನವರಿಯಿಂದ ಕೋಣೆಯ ಎಸಿಗಳು 24ಕ್ಕೆ ಹೊಂದಿಸಿಯೇ ಬರಬೇಕೆಂಬ ನಿಯಮವಿದೆ. ಸೆಟ್‌ಪಾಯಿಂಟ್ 24 ಇದ್ದೂ ಜನ ನಡುಗುತ್ತಿದ್ದರೆ ಸೆನ್ಸರ್ ಎಲ್ಲಿದೆಯೆಂದು ಹೋಗಿ ನೋಡಿ.

ನಾನು ನೋಡಿದವುಗಳಲ್ಲಿ ಹೆಚ್ಚಿನ ಸೆನ್ಸರುಗಳು ಕೆಟ್ಟಿರಲಿಲ್ಲ, ಇರಬಾರದ ಜಾಗದಲ್ಲಿದ್ದವು. ಕಟ್ಟಡ ಮುಗಿದ ಮೇಲೆ ಹೊಸ ಸಭಾಕೋಣೆಗೆ ಗೋಡೆ ಎಬ್ಬಿಸಿರುತ್ತಾರೆ, ಸೆನ್ಸರ್ ಹೊರಗಿನ ಕಾರಿಡಾರಿನಲ್ಲೇ ಉಳಿದಿರುತ್ತದೆ. ಒಳಗೆ ಹನ್ನೆರಡು ಜನ ಬೇಯುತ್ತಿರುವಾಗ ಅದು ಖಾಲಿ ಕಾರಿಡಾರನ್ನು ಅಳೆದು 'ತಂಪಾಗಿದೆ' ಎನ್ನುತ್ತದೆ. ಕಾಫಿ ಯಂತ್ರದ ಪಕ್ಕ, ಮಧ್ಯಾಹ್ನದ ಬಿಸಿಲು ಬೀಳುವ ಗೋಡೆ, ಪ್ರಿಂಟರಿನ ಹಿಂಭಾಗ ಇವೂ ಸಾಮಾನ್ಯ. ಕಣ್ಣಿಗೆ ಕಾಣದ ಇನ್ನೊಂದಿದೆ: ಸೆನ್ಸರಿನ ಹಿಂದಿನ ವೈರಿಂಗ್ ಕೊಳವೆಯಿಂದ ಫಾಲ್ಸ್ ಸೀಲಿಂಗಿನ ಗಾಳಿ ಇಳಿದುಬಂದು ಅದರ ಮೇಲೆಯೇ ಊದುತ್ತದೆ. ಕೊಳವೆಯ ಬಾಯಿಗೆ ಸ್ವಲ್ಪ ಪುಟ್ಟಿ ಮೆತ್ತಿದರೆ ಸಾಕು.

ಜಾಗ ಸರಿಯಿದ್ದರೆ ನಂಬಿಕೆಯ ಥರ್ಮಾಮೀಟರೊಂದನ್ನು ಸೆನ್ಸರಿನ ಪಕ್ಕ ಹತ್ತು ನಿಮಿಷ ಇಟ್ಟು ಪರದೆಯ ಅಂಕಿಯೊಂದಿಗೆ ಹೋಲಿಸಿ. ಅರ್ಧ ಡಿಗ್ರಿಯ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಡಿ. ಎರಡು ಡಿಗ್ರಿಗಿಂತ ಹೆಚ್ಚಿದ್ದರೆ ಸೆನ್ಸರಿನ ಎರಡೂ ತಂತಿಗಳನ್ನು ನಿಯಂತ್ರಕದಿಂದ ಬಿಡಿಸಿ, ಮಲ್ಟಿಮೀಟರಿನಲ್ಲಿ ಓಮ್ ಅಳೆಯಿರಿ. 10ಕೆ ಥರ್ಮಿಸ್ಟರ್ ಬಗೆಯ ಸೆನ್ಸರ್ 25 ಡಿಗ್ರಿಯಲ್ಲಿ 10,000 ಓಮ್ ತೋರಿಸಬೇಕು, ತಂಪಾದಂತೆ ಅದು ಏರುತ್ತದೆ. ಪಿಟಿ 100 ಎಂಬ ಪ್ಲಾಟಿನಂ ಬಗೆಯದಾದರೆ 25 ಡಿಗ್ರಿಯಲ್ಲಿ ಸುಮಾರು 109.7 ಓಮ್. ಪಿಟಿ 100ರ ತಂತಿ ಉದ್ದವಾಗಿದ್ದು ಅದರದೇ ಒಂದು ಓಮ್ ಸೇರಿಕೊಂಡರೆ ಪರದೆ ಎರಡೂವರೆ ಡಿಗ್ರಿ ಹೆಚ್ಚು ತೋರಿಸುತ್ತದೆ.

ಪರದೆಯಲ್ಲಿ ಮೈನಸ್ 40ರಂಥ ಅಸಾಧ್ಯ ಚಳಿ ಕಂಡರೆ ಥರ್ಮಿಸ್ಟರಿನ ತಂತಿ ಎಲ್ಲೋ ತುಂಡಾಗಿದೆ. ಅಸಾಧ್ಯ ಬಿಸಿ ಕಂಡರೆ ಎರಡು ತಂತಿ ಒಂದಕ್ಕೊಂದು ತಾಗಿವೆ. ಪಿಟಿ ಬಗೆಯದರಲ್ಲಿ ಇದು ತಿರುಗುಮುರುಗು.

ಸೆನ್ಸರ್ ನಿರ್ದೋಷಿಯಾದರೆ ಎಎಚ್‌ಯು, ಅಂದರೆ ಗಾಳಿಯನ್ನು ತಣ್ಣಗಾಗಿಸಿ ಮಹಡಿಗೆ ಊದುವ ಯಂತ್ರದ ಕೋಣೆಗೆ ಬನ್ನಿ. ತಣ್ಣೀರಿನ ವಾಲ್ವ್ '0' ಎಂದು ಪರದೆ ಹೇಳುತ್ತಿರುವಾಗ ಕಾಯಿಲ್‌ಗೆ (ತಣ್ಣೀರು ಹರಿಯುವ ಕೊಳವೆಗಳ ಸುರುಳಿ) ಮುಂಚಿನ ಮತ್ತು ನಂತರದ ಗಾಳಿಯ ಉಷ್ಣತೆ ಒಂದೇ ಇರಬೇಕು. ನಂತರದ ಗಾಳಿ ಇನ್ನೂ ತಣ್ಣಗಿದ್ದರೆ, ಹೊರಬರುವ ಕೊಳವೆ ಬೆವರುತ್ತಿದ್ದರೆ ವಾಲ್ವ್ ಮುಚ್ಚಿಲ್ಲ. ಮೋಟಾರು ತಿರುಗಿದ್ದರೂ ಅದನ್ನು ವಾಲ್ವಿನ ದಂಡಕ್ಕೆ ಹಿಡಿದಿಟ್ಟ ಸ್ಕ್ರೂ ಸಡಿಲಗೊಂಡು ದಂಡ ಕದಲಿರುವುದಿಲ್ಲ. ಇದೂ ಮೊದಲ ಪ್ರಶ್ನೆಯ ಇನ್ನೊಂದು ರೂಪ: ಪರದೆಯ ಸೊನ್ನೆ ಆಜ್ಞೆಯೇ ಹೊರತು ಅಳತೆಯಲ್ಲ.

ಲಕ್ಷಣ: ಚಿಲ್ಲರ್ ಎಷ್ಟು ಓಡಿದರೂ ಸಾಲುತ್ತಿಲ್ಲ

ಸಾಮಾನ್ಯ ವಿನ್ಯಾಸದಲ್ಲಿ ನೀರು ಸುಮಾರು 7 ಡಿಗ್ರಿಗೆ ಹೊರಟು 12ಕ್ಕೆ ಮರಳುತ್ತದೆ. ಅಂತರ ಎರಡು ಮೂರು ಡಿಗ್ರಿಗೆ ಕುಸಿದಿದ್ದರೆ ನೀರು ಶಾಖ ಹೊರದೆ ಸುಮ್ಮನೆ ಸುತ್ತುತ್ತಿದೆ. ಇನ್ನೊಂದು ಚಿಲ್ಲರ್ ಚಾಲೂ ಮಾಡುವ ಮುನ್ನ ಫಿಲ್ಟರುಗಳನ್ನೂ ಕಾಯಿಲ್‌ಗಳ ಕೊಳೆಯನ್ನೂ ನೋಡಿ. ಆಮೇಲೆ ಮೇಲೆ ಹೇಳಿದ ಹಾಗೆ ಮುಚ್ಚದ ವಾಲ್ವುಗಳನ್ನು ಹುಡುಕಿ. ಗ್ಯಾಸ್ ಕಡಿಮೆಯಾಗಿದೆಯೇ ಎಂಬ ತಪಾಸಣೆ, ಕಂಪ್ರೆಸರಿನ ಶಬ್ದ, ಎಣ್ಣೆ ಇವೆಲ್ಲ ತಯಾರಕರ ತಂತ್ರಜ್ಞರ ಕೆಲಸ.

ಲಕ್ಷಣ: ಮಧ್ಯಾಹ್ನ ಮೂರಕ್ಕೆ ಇಡೀ ಮಹಡಿಗೆ ತಲೆಭಾರ

ಊಟದ ಮೇಲೆ ಆರೋಪ ಹೊರಿಸುವ ಮುನ್ನ ಗಾಳಿಯನ್ನು ಅಳೆಯಿರಿ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 420 ಪಾಲು. ಒಳಗೆ 1,000 ದಾಟಿ ಏರುತ್ತಲೇ ಇದ್ದರೆ ಅಷ್ಟು ಜನರಿಗೆ ಸಾಲುವಷ್ಟು ಹೊಸ ಗಾಳಿ ಬರುತ್ತಿಲ್ಲವೆಂದರ್ಥ. ತಾಜಾ ಗಾಳಿಯ ಬಾಯಿಗೆ ಹಾಕಿದ ಜಾಲರಿಯನ್ನು ಮೊದಲು ನೋಡಿ. ನಮ್ಮ ರಸ್ತೆಗಳ ಧೂಳಿಗೆ ಅದು ಕಂಬಳಿಯಂತೆ ಮುಚ್ಚಿಹೋಗಿರುತ್ತದೆ. ಆಮೇಲೆ ಗಾಳಿಯ ದಾರಿ ತೆರೆದು ಮುಚ್ಚುವ ಡ್ಯಾಂಪರಿನ ರೆಕ್ಕೆಗಳು ನಿಜಕ್ಕೂ ತಿರುಗುತ್ತಿವೆಯೇ ಎಂದು ಎಎಚ್‌ಯು ನಿಲ್ಲಿಸಿ ನೋಡಿ.

ಪರದೆ 600 ಎನ್ನುತ್ತಿದ್ದು ಜನ ಮಾತ್ರ ಉಸಿರುಗಟ್ಟುತ್ತಿದೆ ಎನ್ನುತ್ತಿದ್ದರೆ ಜನರನ್ನು ನಂಬಿ. ಇಂಥ ಸೆನ್ಸರುಗಳಲ್ಲಿ ಹಲವು ತಮ್ಮನ್ನು ತಾವೇ ತಿದ್ದಿಕೊಳ್ಳುತ್ತವೆ: ಕಳೆದ ಒಂದೆರಡು ವಾರಗಳಲ್ಲಿ ಕಂಡ ಅತಿ ಕಡಿಮೆ ಅಂಕಿ ಹೊರಗಿನ ಗಾಳಿಯದೇ ಇರಬೇಕು ಎಂದುಕೊಂಡು ಅದನ್ನು 400 ಎಂದು ಗುರುತು ಹಾಕಿಕೊಳ್ಳುತ್ತವೆ. ರಾತ್ರಿ ಖಾಲಿಯಾಗುವ ಕಚೇರಿಗೆ ಇದು ಸರಿ. ಮೂರು ಪಾಳಿ ನಡೆಯುವ ಬೆಂಗಳೂರಿನ ಕಚೇರಿಗಳಲ್ಲಿ ಮಹಡಿ ಎಂದೂ ಖಾಲಿಯಾಗುವುದಿಲ್ಲ, ಒಳಗಿನ ಗಾಳಿ ಎಂದೂ 400ಕ್ಕೆ ಇಳಿಯುವುದಿಲ್ಲ, ಸೆನ್ಸರ್ ಮಾತ್ರ ದಿನದಿನಕ್ಕೂ ಕಡಿಮೆ ತೋರಿಸುತ್ತ ಹೋಗುತ್ತದೆ. ಕೈಯಲ್ಲಿ ಹಿಡಿಯುವ ಮೀಟರೊಂದನ್ನು ಮೊದಲು ಬಯಲಿಗೆ ಒಯ್ದು 420ರ ಸುತ್ತ ಓದುತ್ತದೆಯೇ ಎಂದು ಖಚಿತಪಡಿಸಿಕೊಂಡು, ನಂತರ ಸೆನ್ಸರಿನ ಪಕ್ಕ ಹಿಡಿಯಿರಿ. ವ್ಯತ್ಯಾಸ ದೊಡ್ಡದಿದ್ದರೆ ಆ ಸ್ವಯಂ ತಿದ್ದುಪಡಿಯನ್ನು ನಿಲ್ಲಿಸಿ, ಕೈಯಿಂದಲೇ ಹೊಂದಿಸುವಂತೆ ಹೇಳಿ. ತಮ್ಮ ಕೂಗು ಪರದೆಯಲ್ಲಿ ಕಾಣದ ಕಾರಣಕ್ಕೆ ರಾತ್ರಿ ಪಾಳಿಯವರು ತಿಂಗಳುಗಟ್ಟಲೆ ಕೆಟ್ಟ ಗಾಳಿ ಕುಡಿಯುವುದು ನನಗೆ ಸಹಿಸಲಾಗದ ಸಂಗತಿ.

ಲಕ್ಷಣ: ಅಂಕಿ ಕದಲುತ್ತಲೇ ಇಲ್ಲ, ಇಲ್ಲವೇ ಯಂತ್ರಗಳು ಬಂದು ಬಂದು ಹೋಗುತ್ತವೆ

ನಿಜವಾದ ಉಷ್ಣತೆ ಗಂಟೆಗಟ್ಟಲೆ 25.0 ಆಗಿಯೇ ಇರುವುದಿಲ್ಲ. ಗ್ರಾಫಿನಲ್ಲಿ ಗೆರೆ ನೇರವಾಗಿ ಮಲಗಿದ್ದರೆ ಅದು ಸಂಪರ್ಕ ಕಡಿದಾಗ ಸಿಕ್ಕ ಕೊನೆಯ ಅಂಕಿ. ನಿಯಂತ್ರಕಕ್ಕೆ ವಿದ್ಯುತ್ ಇದೆಯೇ, ಅದರ ದೀಪ ಮಿಣುಕುತ್ತಿದೆಯೇ ನೋಡಿ. ಆ ಮಹಡಿಯಲ್ಲಿ ಇತ್ತೀಚೆಗೆ ಒಳಾಂಗಣದ ಕೆಲಸ ನಡೆಯಿತೇ ಎಂದು ಕೇಳಿ. ಸೀಲಿಂಗಿನ ಮೇಲೆ ಇಲಿ ಕಡಿದ ಕೇಬಲ್‌ಗಳನ್ನು ನಾನು ಎಷ್ಟೋ ಕಂಡಿದ್ದೇನೆ.

ಎರಡು ಸಾಧನಗಳು ಸರದಿಯಂತೆ ಮಾಯವಾಗಿ ಪ್ರತ್ಯಕ್ಷವಾಗುತ್ತಿದ್ದರೆ ಎರಡಕ್ಕೂ ಒಂದೇ ವಿಳಾಸ ಕೊಟ್ಟಿದ್ದಾರೆಯೇ ನೋಡಿ. ಇಡೀ ಸಾಲು ತೂಕಡಿಸುತ್ತಿದ್ದರೆ ಸಾಧನಗಳು ಪರಸ್ಪರ ಮಾತಾಡುವ ಆರ್‌ಎಸ್-485 ತಂತಿಯನ್ನು ಅಳೆಯಿರಿ. ಈ ತಂತಿ ಒಂದು ಸಾಧನದಿಂದ ಮುಂದಿನದಕ್ಕೆ ಸರಪಳಿಯಂತೆ ಸಾಗಬೇಕು, ಎರಡು ತುದಿಗಳಲ್ಲಿ ಮಾತ್ರ 120 ಓಮ್‌ನ ರೆಸಿಸ್ಟರ್ ಇರಬೇಕು. ಎಲ್ಲ ಸಾಧನಗಳ ವಿದ್ಯುತ್ ಕಡಿದು ಎ ಮತ್ತು ಬಿ ತಂತಿಗಳ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ಒಂದು ತುದಿಯಲ್ಲಿ ರೆಸಿಸ್ಟರ್ ಇಲ್ಲ, ಅಥವಾ ನಡುವೆ ತಂತಿ ಕಡಿದಿದೆ. 40 ಬಂದರೆ ಯಾರೋ ಮಧ್ಯದಲ್ಲಿ ಮೂರನೆಯದನ್ನು ಸೇರಿಸಿದ್ದಾರೆ. ಸೊನ್ನೆಯ ಹತ್ತಿರ ಬಂದರೆ ತಂತಿಗಳು ತಾಗಿವೆ. ನೂರು ರೂಪಾಯಿಯ ಟರ್ಮಿನಲ್ ಸಡಿಲವಾಗಿದ್ದುದಕ್ಕೆ ಇಡೀ ಸರ್ವರ್ ಬದಲಿಸುವ ಪ್ರಸ್ತಾವ ಬರುವುದುಂಟು, ಈ ಅಳತೆಯಿಲ್ಲದೆ ಅದಕ್ಕೆ ಸಹಿ ಹಾಕಬೇಡಿ.

ಲಕ್ಷಣ: ಕುಳಿತಲ್ಲೇ ದೀಪ ಆರಿಹೋಗುತ್ತದೆ

ಚಲನೆಯ ಸೆನ್ಸರ್ ನೋಡುವುದು ಕದಲುವ ದೇಹದ ಶಾಖವನ್ನು. ಓದುತ್ತ ಅಲುಗಾಡದೆ ಕುಳಿತವರು ಅದರ ಪಾಲಿಗೆ ಇಲ್ಲವೇ ಇಲ್ಲ. ಕಾಯುವ ಸಮಯವನ್ನು 5 ನಿಮಿಷದಿಂದ 15ಕ್ಕೆ ಏರಿಸಿ. ಗಾಜಿನ ಕೋಣೆಯಾದರೆ ಸೆನ್ಸರ್ ಒಳಗೇ ಇರಬೇಕು, ಏಕೆಂದರೆ ದೇಹದ ಶಾಖ ಗಾಜನ್ನು ದಾಟುವುದಿಲ್ಲ.

ಲಕ್ಷಣ: ನೀರು ಲೆಕ್ಕಕ್ಕೆ ಸಿಗುತ್ತಿಲ್ಲ, ಟ್ಯಾಂಕ್ ಉಕ್ಕುತ್ತದೆ

2024ರ ಬೇಸಿಗೆಯಲ್ಲಿ ನಗರ ಒಣಗಿದಾಗ ಬೆಂಗಳೂರು ಜಲಮಂಡಳಿ ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರಿಯೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಮೂತಿ) ಕಡ್ಡಾಯ ಮಾಡಿತು. ಹಾಕಿದವರು ಅನೇಕರು, ಆಮೇಲೆ ತೊಳೆದವರು ಕಡಿಮೆ. ನಲ್ಲಿಯ ನೀರು ಓರೆಯಾಗಿ ಚಿಮ್ಮಿದರೆ ಅದನ್ನು ಕಳಚಿ ವಿನಿಗರ್‌ನಲ್ಲಿ ನೆನೆಸಿಡಿ. ಬೋರ್‌ವೆಲ್ ನೀರಿನ ಸುಣ್ಣ ಬಿಟ್ಟುಹೋಗುತ್ತದೆ.

ಸೋರಿಕೆ ಹಿಡಿಯಲು ಕೊನೆಯವರು ಹೋದ ಮೇಲೆ ಮೀಟರ್ ಓದಿ, ಮೊದಲಿಗರು ಬರುವ ಮುನ್ನ ಮತ್ತೆ ಓದಿ. ಅಂಕಿ ಏರಿದ್ದರೆ ಶೌಚಾಲಯಗಳ ಫ್ಲಶ್ ಟ್ಯಾಂಕಿಗೆ ಅಡುಗೆಯ ಬಣ್ಣ ಹಾಕಿ ಇಪ್ಪತ್ತು ನಿಮಿಷ ಬಿಡಿ. ಕಮೋಡಿನೊಳಗೆ ಬಣ್ಣ ಕಂಡರೆ ರಬ್ಬರ್ ಸವೆದಿದೆ. ಮೀಟರಿನ ಮುಖ ಮತ್ತು ಪರದೆ ಹತ್ತು ಪಟ್ಟು ಬೇರೆ ಹೇಳುತ್ತಿದ್ದರೆ ಮೀಟರ್ ಕಳುಹಿಸುವ ಒಂದು ಪಲ್ಸ್‌ಗೆ (ಮಿಡಿತಕ್ಕೆ) ಎಷ್ಟು ಲೀಟರ್ ಎಂಬುದನ್ನು ತಪ್ಪಾಗಿ ತುಂಬಿದ್ದಾರೆ.

ಸಂಪಿನಲ್ಲಿ ಶಬ್ದತರಂಗದ ಮಟ್ಟಮಾಪಕವಿದ್ದರೆ ಅದರ ಮುಖಕ್ಕೆ ಆವಿಯ ಹನಿ ಕಟ್ಟಿ ಸುಳ್ಳು ಅಂಕಿ ಬರುತ್ತದೆ. ನೀರು ಅದರ ತೀರ ಹತ್ತಿರಕ್ಕೆ ಏರಿದರೂ ಅದಕ್ಕೆ ಕಣ್ಣು ಕಾಣದು, ಆಗ ತುಂಬಿದ ಟ್ಯಾಂಕಿಗೂ ಪಂಪು ನೀರು ಸುರಿಯುತ್ತದೆ. ಬಟ್ಟೆಯಿಂದ ಒರೆಸಿ, ಮಾಪಕವನ್ನು ಎತ್ತರಿಸಿ, ಜೊತೆಗೊಂದು ಸಾದಾ ಫ್ಲೋಟ್ ಸ್ವಿಚ್ ಹಾಕಿಸಿ.

ಒರೆಸುವುದು ಹೊರಗಿನಿಂದ ಮಾತ್ರ. ಸಂಪಿಗಾಗಲಿ, ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕದ ತೊಟ್ಟಿಗಾಗಲಿ ಯಾರನ್ನೂ ಇಳಿಸಬೇಡಿ, 'ಎರಡೇ ನಿಮಿಷ' ಎಂದು ಅವರೇ ಹೇಳಿದರೂ ಬೇಡ. ತೊಟ್ಟಿಯ ಕೆಳಗಿನ ವಿಷಾನಿಲ ಒಂದೆರಡು ಉಸಿರಿನಲ್ಲಿ ಪ್ರಜ್ಞೆ ತಪ್ಪಿಸುತ್ತದೆ, ಎತ್ತಲು ಇಳಿದ ಎರಡನೆಯವರೂ ಮೇಲೆ ಬರುವುದಿಲ್ಲ. ರಕ್ಷಣಾ ಸಲಕರಣೆಯಿಲ್ಲದೆ ಒಳಚರಂಡಿ, ಮಲತೊಟ್ಟಿಗೆ ಮನುಷ್ಯರನ್ನು ಇಳಿಸುವುದು ಕೈಯಿಂದ ಮಲ ಬಾಚುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯಂತೆ ಅಪರಾಧ. ಯಂತ್ರವಿರುವ ಪರವಾನಗಿದಾರರನ್ನು ಕರೆಯಿರಿ.

ಲಕ್ಷಣ: ಅಲಾರಂ ನಿಲ್ಲುವುದೇ ಇಲ್ಲ

ಒಂದು ವಾರದ ಅಲಾರಂ ಪಟ್ಟಿಯನ್ನು ತೆಗೆದು ಯಾವುದು ಎಷ್ಟು ಸಲ ಕೂಗಿದೆ ಎಂದು ಎಣಿಸಿ. ಸಾಮಾನ್ಯವಾಗಿ ಬೆರಳೆಣಿಕೆಯಷ್ಟು ಅಲಾರಂಗಳೇ ಗದ್ದಲದ ಬಹುಪಾಲನ್ನು ಮಾಡಿರುತ್ತವೆ. ಮಿತಿಯ ಆಚೀಚೆ ಹೊಯ್ದಾಡುವ ಅಂಕಿಗೆ ಸ್ವಲ್ಪ ಅಂತರವನ್ನೂ ಒಂದೆರಡು ನಿಮಿಷದ ತಡವನ್ನೂ ಕೊಟ್ಟರೆ ಅವು ಶಾಂತವಾಗುತ್ತವೆ.

ಅಗ್ನಿ ಅಲಾರಂಗೆ ಈ ಉಪಾಯ ಸಲ್ಲದು. ಅದನ್ನು ಮೌನಗೊಳಿಸಬೇಡಿ, ಡಿಟೆಕ್ಟರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಬಿಡಬೇಡಿ. ಅಗ್ನಿ ಅಲಾರಂ ಕೂಗಿದಾಗ ಕಾರ್ಡ್ ತೋರಿಸಿ ತೆರೆಯುವ ಬಾಗಿಲುಗಳೆಲ್ಲ ತಾವಾಗಿಯೇ ಬಿಡುಗಡೆಯಾಗಬೇಕು. ಪರದೆಯಲ್ಲಿ 'ತೆರೆದಿದೆ' ಎಂದು ಬಂದರೆ ಸಾಲದು, ಅಣಕು ಕವಾಯತಿನ ದಿನ ಪ್ರತಿಯೊಂದು ಬಾಗಿಲನ್ನೂ ಕೈಯಿಂದ ತಳ್ಳಿ ನೋಡಬೇಕು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಚೇರಿ ಕಟ್ಟಡದಲ್ಲಿ ಹೊಗೆ ತುಂಬಿ 9 ಮಂದಿ ಪ್ರಾಣ ಕಳೆದುಕೊಂಡರು. ಬಾಗಿಲು ತಳ್ಳುವಾಗಲೆಲ್ಲ ನನಗೆ ಆ ದಿನ ನೆನಪಾಗುತ್ತದೆ. ಒಂದೇ ಒಂದು ಬಾಗಿಲು ಬಿಡದಿದ್ದರೂ ಅದು ಸರಿಯಾಗುವವರೆಗೆ ಅಲ್ಲಿ ಕಾವಲುಗಾರರನ್ನು ನಿಲ್ಲಿಸಿ, ಅಗ್ನಿ ವ್ಯವಸ್ಥೆಯ ಗುತ್ತಿಗೆದಾರರನ್ನು ಅದೇ ದಿನ ಕರೆಸಿ. ಲಿಫ್ಟಿನ ದೋಷವೂ ಅಷ್ಟೇ: ಜನ ಸಿಕ್ಕಿಕೊಂಡಿದ್ದರೆ ಒಳಗಿನವರೊಂದಿಗೆ ಮಾತಾಡುತ್ತ ಧೈರ್ಯ ಹೇಳಿ, ಬಾಗಿಲು ಮೀಟಲು ಹೋಗಬೇಡಿ.

ವೆಂಡರರನ್ನು ಕರೆಯುವಾಗ

'ಎಸಿ ಸರಿಯಿಲ್ಲ' ಎಂದು ಹೇಳಿ ಕರೆದರೆ ಬಂದವರು ಪರದೆ ನೋಡಿ ಹೋಗುತ್ತಾರೆ. ಯಾವ ಯಂತ್ರ, ಯಾವ ದಿನ, ಎಷ್ಟು ಗಂಟೆಗೆ, ಪರದೆಯಲ್ಲಿ ಏನಿತ್ತು, ಕೈ ಮೀಟರಿನಲ್ಲಿ ಏನಿತ್ತು, ಸ್ವಿಚ್ ಯಾವ ಕಡೆಗಿತ್ತು ಎಂಬ ಆರು ಸಂಗತಿಗಳನ್ನು ಫೋಟೊ ಸಮೇತ ಕಳುಹಿಸಿ. ಅವರು ಹೊರಡುವ ಮುನ್ನ ನಿಯಂತ್ರಕಗಳ ಪ್ರೋಗ್ರಾಮಿನ ಪ್ರತಿ ಮತ್ತು ಪಾಸ್‌ವರ್ಡ್‌ಗಳನ್ನು ಬರೆಸಿಕೊಳ್ಳಿ. ಕಟ್ಟಡ ನಿಮ್ಮದು, ಅವು ಇರಬೇಕಾದದ್ದು ನಿಮ್ಮ ಕಪಾಟಿನಲ್ಲಿ.

ಪ್ಲಾಂಟ್ ರೂಮಿನ ಬಾಗಿಲ ಹಿಂದೆ ಒಂದು ನೋಟ್‌ಬುಕ್ಕನ್ನೂ ಪೆನ್ನನ್ನೂ ದಾರದಲ್ಲಿ ಕಟ್ಟಿ ತೂಗಿಸಿ. ಸ್ವಿಚ್ಚನ್ನು ಹ್ಯಾಂಡ್‌ಗೆ ಹಾಕಿದವರು ಹೆಸರು, ಸಮಯ, ಕಾರಣ ಬರೆಯಬೇಕು. ರಾತ್ರಿ ಪಾಳಿಯವರು ಕಂಡದ್ದನ್ನು, ಪರದೆ ಬೇರೆ ಹೇಳುತ್ತಿದ್ದರೂ, ಅಲ್ಲಿ ಬರೆಯಬೇಕು. ಪ್ರತಿದಿನ ಬೆಳಿಗ್ಗೆ ಕಂಪ್ಯೂಟರ್ ತೆರೆಯುವ ಮೊದಲು ನಾನು ಓದುವುದು ಆ ಪುಟವನ್ನು.